ಕೊಯ್ದ ಅಧ್ಯಾಯ

ಮೂಡುಬಿದಿರೆ, ೧೪-೯-೧೯೫೮, ಭಾನುವಾರ

ಮಾವ ತಂದುಕೊಡುವ ಕಾದಂಬರಿಗಳೆಲ್ಲ ಸಪ್ಪೆ ಎಂದು ಇಷ್ಟು ದಿನ ಬರೆದವರನ್ನೇ ಬೈದೆ. ಮೊನ್ನೆಯದರಲ್ಲಂತೂ ಸೋದರಮಾವನೊಡನೆ ಜಗಳಕ್ಕೆ ನಿಂತ ನಾಯಕಿ, ಹಾಳೆ ಮಗುಚಿದರೆ ಅವನಿಗೇ ಗಂಜಿ ಬಡಿಸುತ್ತಿದ್ದಳು.

ಇಂದು ವೇಣೂರಿನಲ್ಲಿ ಗೆಳತಿ ಕಾಂತಿಯ ಹತ್ತಿರ ಅದೇ ಕಾದಂಬರಿಯ ಪ್ರತಿ ನೋಡಿದೆ. ನಡುವೆ ಇಡೀ ಒಂದು ಅಧ್ಯಾಯ ಉಂಟು. ನಮ್ಮ ಹಾಗೆಯೇ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿದು ಬರುವ ಅಳಿಯಸಂತಾನದ ಮನೆಯ ಆ ನಾಯಕಿ, ಯಜಮಾನನಾದ ಮಾವನಲ್ಲಿ ತನ್ನ ಪಾಲು ಕೇಳುತ್ತಾಳೆ. ನನ್ನ ಪ್ರತಿಯಲ್ಲಿ ಆ ಹಾಳೆಗಳನ್ನು ಬುಡದಲ್ಲೇ ಕೊಯ್ದಿದೆ. ಓದಿನ ರುಚಿ ಹತ್ತಿಸಿದ ಮಾವನೇ ಹೀಗೆ ಮಾಡಿದರಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕುದಿದೆ.

ಹೊತ್ತು ಮುಳುಗುವ ಮೊದಲು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಮಾವ ಕಣ್ಣು ಕಣ್ಣು ಬಿಟ್ಟರು.

ಆಮೇಲೆ ಅಡಿಗೆಮನೆಯಲ್ಲಿ ಅಮ್ಮ ಮೆಲ್ಲಗೆ ಹೇಳಿದಳು, “ನಾನು ಕೊಯ್ದದ್ದು ಮಗಾ. ಅಣ್ಣನಿಗೆ ಓದಲಿಕ್ಕೆ ಪುರುಸೊತ್ತೆಲ್ಲಿ?”

ಹಾಗಾದರೆ ಆ ಅಧ್ಯಾಯವನ್ನು ಅಮ್ಮ ಓದಿದ್ದಾಳೆ. ಓದಿಯೂ

[ದಿನಚರಿಯ ಮುಂದಿನ ಹಾಳೆಯನ್ನು ಬುಡದಲ್ಲೇ ಕೊಯ್ದಿದೆ.]