ಪುತಳಾಳ ಹೊಟ್ಟೆನೋವನ್ನೂ ವೈದ್ಯರಿಗೆ ಹೇಳಿ

ಬಾಗಲಕೋಟೆ
೯ ನವೆಂಬರ್ ೨೧೫೮

ಪೂಜ್ಯ ಕಾಶೀಬಾಯಿ ಅಜ್ಜಿಯವರಿಗೆ,

ಈ ಪತ್ರ ತಲುಪುವ ನಿಮ್ಮ ಕಾಲದಲ್ಲಿ ನಿಮಗೆ ಇಪ್ಪತ್ತೊಂಬತ್ತು ವರ್ಷ; ನೂರಕ್ಕೂ ಹೆಚ್ಚು ವರ್ಷ ಮುಂದಿನ ಕಾಲದಿಂದ ಬರೆಯುತ್ತಿರುವ ನನಗೆ ನಲವತ್ತಾರು. ಆದರೂ ನಿಮ್ಮನ್ನು ಅಜ್ಜಿ ಎನ್ನುತ್ತಿದ್ದೇನೆ, ಏಕೆಂದರೆ ನಾನು ನಿಮ್ಮ ಹಿರಿಮಗನ ವಂಶದವಳು. ನನ್ನ ಮಾತಿನಲ್ಲಿ ಅಪರಿಚಿತ ಪದಗಳು ಬಂದರೆ ಮನ್ನಿಸಿ. ನಿಮ್ಮ ಮಗಳು ಪುತಳಾಳ ಆಸ್ಪತ್ರೆ ಚೀಟಿಯೊಂದು ನಮ್ಮ ಮನೆಯಲ್ಲಿ ಉಳಿದಿದೆ. ವಯಸ್ಸು ಏಳು, ದಮ್ಮು, ರಕ್ತ ಕಡಿಮೆ, ತೂಕ ಏರುತ್ತಿಲ್ಲ ಎಂದು ಅದರಲ್ಲಿ ಬರೆದಿದೆ. ಹಿಂಬದಿಯಲ್ಲಿ ‘ಹೊಟ್ಟೆನೋವು ಅನ್ನುತ್ತಾಳೆ’ ಎಂದು ನಿಮ್ಮ ಕೈಬರಹವಿದೆ, ವೈದ್ಯರ ಬರಹದಲ್ಲಿ ಅದಿಲ್ಲ. ಅದರ ಮುಂದಿನ ಪುಟ ಸಿಕ್ಕಿಲ್ಲ, ಅವಳು ಮುಂದೆ ಏನಾದಳೋ ನಮಗೆ ತಿಳಿಯದು. ಹಾಗಾಗಿ ಈ ಪತ್ರ.

ನನ್ನ ಮಗಳು ಇರಾವತಿಗೂ ಚಿಕ್ಕಂದಿನಿಂದ ದಮ್ಮು. ನಮ್ಮ ಕಾಲದಲ್ಲಿ ಇಂಥ ಮಕ್ಕಳ ಎದೆಗೆ ಉಸಿರುಪಟ್ಟಿ ಅಂಟಿಸುತ್ತೇವೆ. ಶ್ವಾಸನಾಳ ಬಿಗಿಯಾದರೆ ಅದು ಕೆಂಪಾಗುತ್ತದೆ. ಬೆಳಗ್ಗೆ ಅಂಗಿ ಹಾಕುವಾಗ, ಶಾಲೆಗೆ ಕಳಿಸುವಾಗ, ಮಲಗಿಸುವಾಗ ನನ್ನ ಕಣ್ಣು ಆ ಪಟ್ಟಿಯ ಮೇಲೇ ಇರುತ್ತಿತ್ತು. ಅವಳು ಹೊಟ್ಟೆನೋವು ಎಂದರೆ ಶಾಲೆ ತಪ್ಪಿಸುವ ನೆಪವೆಂದು ಗದರುತ್ತಿದ್ದೆ.

ಒಂದು ದಿನ ಶಾಲೆಯಲ್ಲಿ ಅಡುಗೆ ಮಾಡುವ ಯಮನವ್ವ ನನ್ನನ್ನು ತಡೆದು ನಿಲ್ಲಿಸಿದರು.

“ಬಾಯಾರ, ಚಪಾತಿ ತಿಂದ ದಿನ ಈ ಕೂಸು ಹೊಟ್ಟಿ ಹಿಡ್ಕೊಂಡು ಕುಂಡರ್ತೈತ್ರಿ. ದಮ್ಮಿನ ಡಾಕ್ಟರಿಗೆ ಇದನ್ನ ಹೇಳೀರೇನ್ರಿ?”

“ಹೊಟ್ಟಿಗೂ ದಮ್ಮಿಗೂ ಏನ್ ಸಂಬಂಧಾ, ಯಮನವ್ವ?”

“ನನಗೇನ್ ಗೊತ್ರಿ? ಎರಡೂ ಒಂದ ಮೈಯಾಗ ಅದಾವಲ್ರಿ.”

ಹೊಟ್ಟೆನೋವಿನ ಸಂಗತಿಯನ್ನೂ ಹೇಳಿದಾಗ, ರಕ್ತಪರೀಕ್ಷೆ ಆಗುವವರೆಗೆ ಗೋಧಿ ಬಿಡಿಸಬೇಡಿ, ಬಿಡಿಸಿದರೆ ಫಲಿತಾಂಶ ತಪ್ಪಾಗಬಹುದು ಎಂದರು ವೈದ್ಯರು. ಕೊನೆಗೆ ಸೀಲಿಯಾಕ್ ಎಂಬ ಕಾಯಿಲೆ ಎಂದು ತಿಳಿಯಿತು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಅವಳ ಕರುಳನ್ನು ಹಾಳುಮಾಡುತ್ತಿತ್ತು. “ಕೆಲವರಿಗೆ ಎರಡೂ ಜೊತೀಗೆ ಇರ್ತಾವ್ರಿ. ಒಂದರಿಂದನ ಇನ್ನೊಂದು ಬಂತು ಅಂತ ಹೇಳಾಕ ಆಗಂಗಿಲ್ಲ,” ಎಂದೂ ಅವರು ಹೇಳಿದರು. ಆ ಎರಡನೆಯ ಮಾತನ್ನು ನಾನು ಮನಸ್ಸಿಗೆ ಹಾಕಿಕೊಳ್ಳಲಿಲ್ಲ.

ಗೋಧಿ ಬಿಟ್ಟು ಜೋಳದ ರೊಟ್ಟಿ ಹಿಡಿದೆವು. ನಾಲ್ಕು ತಿಂಗಳಲ್ಲಿ ಅವಳ ಕೆನ್ನೆ ತುಂಬಿತು, ಕೆಮ್ಮೂ ಕಡಿಮೆಯಾಯಿತು. ದಮ್ಮಿನ ಮೂಲವೇ ಹೋಯಿತೆಂದು ಹಿಗ್ಗಿ, ಅವಳು ದಿನಾ ಎಳೆದುಕೊಳ್ಳುತ್ತಿದ್ದ ದಮ್ಮಿನ ಔಷಧದ ಪಂಪನ್ನೂ, ಉಸಿರು ಕಟ್ಟಿದರೆ ಬೇಕೆಂದು ಶಾಲೆಯ ಚೀಲದಲ್ಲಿರುತ್ತಿದ್ದ ಇನ್ನೊಂದನ್ನೂ ಯಾರನ್ನೂ ಕೇಳದೆ ಕಪಾಟಿನಲ್ಲಿಟ್ಟೆ. ಮೂರನೆಯ ವಾರ ಮೈದಾನದಲ್ಲಿ ಆಡುತ್ತಿದ್ದಾಗ ಅವಳಿಗೆ ಉಸಿರು ಕಟ್ಟಿತು. ಯಮನವ್ವ ಅವಳನ್ನು ಎತ್ತಿಕೊಂಡೇ ಆಸ್ಪತ್ರೆಗೆ ಓಡಿದರು. ನಾನು ತಲುಪುವ ಹೊತ್ತಿಗೆ ಮಗಳು ಕಣ್ಣು ತೆರೆದಿದ್ದಳು.

“ಅವ್ವಾ, ಚೀಲದಾಗ ನನ್ನ ಪಂಪ್ ಇರಲೇ ಇಲ್ಲ. ಬಾಳ ಹುಡುಕಿದೆ,” ಎಂದಳು.

ಮನೆಗೆ ಬಂದ ಮೇಲೆ ನಾನೇ ತೆಗೆದಿಟ್ಟಿದ್ದೆನೆಂದು ಒಪ್ಪಿಕೊಂಡೆ. ಅವಳು ಎರಡು ದಿನ ನನ್ನ ಹತ್ತಿರ ಮಲಗಲಿಲ್ಲ. ಈಗವಳಿಗೆ ಹದಿನೇಳು. ಗೋಧಿ ಮುಟ್ಟುವುದಿಲ್ಲ, ಪಂಪು ಬಿಡುವುದಿಲ್ಲ. ಘಟಪ್ರಭೆಯಲ್ಲಿ ಈಜುತ್ತಾಳೆ.

ಅಜ್ಜಿ, ಪುತಳಾಳಿಗೂ ಇದೇ ಕಾಯಿಲೆ ಎಂದು ನಾನು ಹೇಳಲಾರೆ. ಅವಳ ಹೊಟ್ಟೆಯ ಸಂಗತಿಯನ್ನೂ ವೈದ್ಯರ ಮುಂದೆ ಹೇಳಿ, ಪರೀಕ್ಷೆ ಮಾಡಿಸಿ. ಗುಣ ಕಂಡಿತೆಂದು ಯಾವ ಔಷಧವನ್ನೂ ನೀವಾಗಿಯೇ ನಿಲ್ಲಿಸಬೇಡಿ. ಈವರೆಗೆ ತಿಳಿಯದೆ ಹೋಯಿತಲ್ಲ ಎಂದು ನಿಮ್ಮನ್ನು ನೀವು ಹಳಿದುಕೊಳ್ಳಲೂ ಬೇಡಿ. ಅವಳು ಬೆಳೆದು ದೊಡ್ಡವಳಾದಳೆಂದು ಯಾವುದಾದರೂ ಕಾಗದದ ಮೂಲೆಯಲ್ಲಿ ಒಂದು ಸಾಲು ಬರೆದಿಡಿ. ಅದನ್ನು ನಾನು ಹುಡುಕಿಕೊಳ್ಳುತ್ತೇನೆ.

ನಿಮ್ಮ
ನೀಲಾಂಬಿಕೆ