ಎರಡನೇ ಸಾಕ್ಷಿ

ಬ್ಯಾಂಕಿನ ಹಿಂದಿನ ಕೋಣೆ,
ಬುಧವಾರ, ತಾರೀಖು ಹದಿಮೂರು

ಪ್ರೀತಿಯ ಮಗಳಿಗೆ,

ಪ್ರೀತಿಯ ಎಂದು ಬರೆದದ್ದು ಪತ್ರ ಹಾಗೇ ಶುರುವಾಗಬೇಕು ಎನ್ನುವುದಕ್ಕೆ. ಸದ್ಯ ನನಗಿರುವುದು ಸಿಟ್ಟು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈಗೆ ಪೆನ್ನು ಹಿಡಿಸಿ ಕೂರಿಸಿದ್ದೀಯಲ್ಲೇ, ಫೋನ್ ಎತ್ತಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ನಿನ್ನೆಯಿಂದ ಒಂಬತ್ತು ಸಲ ಮಾಡಿದೆ. "ಡ್ಯೂಟಿಯಲ್ಲಿದ್ದೀನಿ ಅಮ್ಮ, ಆಮೇಲೆ ಮಾಡ್ತೀನಿ" ಎಂದು ಅಕ್ಷರದಲ್ಲಿ ಕಳಿಸುತ್ತೀ. ಆ ಆಮೇಲೆ ಇನ್ನೂ ಬಂದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆದವರಿಗೆಲ್ಲ ತಾಯಿ ಇರುವುದಿಲ್ಲವಾ? ಮೂರು ಹಾಳೆ ಹರಿದು ಹಾಕಿದ್ದೇನೆ, ಇದು ನಾಲ್ಕನೆಯದು. ಕಾಗುಣಿತ ತಪ್ಪಿದ್ದರೆ ನಗಬೇಡ, ನಿನ್ನನ್ನು ಓದಿಸಿದ್ದು ಇದೇ ಕಾಗುಣಿತ.

ಹುಷಾರಾಗಿದ್ದೀಯ ತಾನೆ? ಹೊತ್ತಿಗೆ ಸರಿಯಾಗಿ ಉಣ್ಣು, ನಿಂತುಕೊಂಡು ತಿನ್ನಬೇಡ. ನನ್ನ ಎಡಗಾಲಿನ ಹಿಮ್ಮಡಿ ಗಾಯ ಒಣಗುತ್ತಾ ಬಂದಿದೆ. ನೀನು ಹೇಳಿದ ಹಾಗೆ ದಿನಾ ತೊಳೆದು ಬಟ್ಟೆ ಕಟ್ಟುತ್ತೇನೆ. ಎರಡು ತಿಂಗಳ ಹಿಂದೆ ನೀನು ಫೋನ್ ಎತ್ತಿದ ಆ ಒಂದು ದಿನ ಈ ಗಾಯದ ವಿಷಯ ನಿನಗೊಬ್ಬಳಿಗೇ ಹೇಳಿದ್ದು. ಬ್ಯಾಂಕಿನಲ್ಲಿ ಒಂದು ನರಪಿಳ್ಳೆಗೂ ಹೇಳಿಲ್ಲ. ಹೇಳಿದರೆ ಮಹಡಿ ಹತ್ತಲಾರಳು, ಮನೆಗೆ ಕಳಿಸಿ ಎನ್ನುತ್ತಾರೆ. ಇದನ್ನು ಯಾಕೆ ಒತ್ತಿ ಬರೆಯುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ನಮ್ಮ ಬ್ಯಾಂಕಿಗೆ ಪ್ರತಿ ಮಂಗಳವಾರ ಒಬ್ಬ ಮುದುಕ ಬರುತ್ತಾನೆ. ಬಸ್ಸಿನಲ್ಲಿ ಒಂದು ಗಂಟೆ ದೂರದವನು. ಖಾತೆ ಹಳೆಯದು, ಮೊದಲೆಲ್ಲ ವರ್ಷಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಈಗ ಆರು ತಿಂಗಳಿಂದ ಒಂದು ವಾರವೂ ತಪ್ಪಿಸಿಲ್ಲ. ಎಪ್ಪತ್ತು ದಾಟಿದೆ, ಬಿದಿರಿನ ಹಾಗೆ ಉದ್ದ, ಕತ್ತು ಮುಂದಕ್ಕೆ ಚಾಚಿಕೊಂಡೇ ನಡೆಯುತ್ತಾನೆ. ನಾವು ಕೊಕ್ಕರೆ ಎಂದು ಹೆಸರಿಟ್ಟಿದ್ದೇವೆ. ಹಿಂದೆ ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದನಂತೆ, ಅಂಗಡಿಗಳ ತಕ್ಕಡಿ ಹಿಡಿದು ಪರೀಕ್ಷೆ ಮಾಡುವ ಕೆಲಸ. ಆ ಚಾಳಿ ಇನ್ನೂ ಬಿಟ್ಟಿಲ್ಲ. ಬಂದವನೇ ನಮ್ಮ ಗೋಡೆ ಗಡಿಯಾರ ನೋಡಿ, ತನ್ನ ಕೈಗಡಿಯಾರ ನೋಡಿ, "ಎರಡು ನಿಮಿಷ ಹಿಂದಿದೆ" ಎನ್ನುತ್ತಾನೆ. ದಾರ ಕಟ್ಟಿದ ಪೆನ್ನು ಬರೆಯುವುದಿಲ್ಲ, ಕುರ್ಚಿಯ ಕಾಲು ಅಲ್ಲಾಡುತ್ತದೆ, ಲೋಟದಲ್ಲಿ ಕಲೆ ಇದೆ. ದೂರು ಪುಸ್ತಕ ತರಿಸಿಕೊಂಡು ನಡುಗುವ ಕೈಯಲ್ಲಿ ಅರ್ಧ ಪುಟ ಬರೆಯುತ್ತಾನೆ. ಅದರಲ್ಲೂ "ಹಿಂದಿನ ದೂರು ಸಂಖ್ಯೆ ಹನ್ನೊಂದಕ್ಕೆ ಇನ್ನೂ ಉತ್ತರ ಬಂದಿಲ್ಲ" ಎಂದು ಚುಚ್ಚುತ್ತಾನೆ. ಅವನು ಮೆಟ್ಟಿಲು ಹತ್ತುವುದು ಕಂಡರೆ ಮ್ಯಾನೇಜರಿಗೆ ಎಲ್ಲಿಲ್ಲದ ಫೋನ್ ಬರುತ್ತದೆ. ಠೇವಣಿ ಕೌಂಟರಿನ ಮೇಡಂ ಎದ್ದು ಓಡುವ ಹಾಗಿಲ್ಲ, ಪಾಪ.

ಬಾಯಿ ಜೋರಿನವರನ್ನು ನಾನು ಇಪ್ಪತ್ತೆರಡು ವರ್ಷದಿಂದ ನೋಡಿದ್ದೇನೆ, ಅದಕ್ಕೆ ಹೆದರುವವಳಲ್ಲ. ನನಗೆ ದಿಗಿಲು ಹುಟ್ಟಿಸಿದ್ದು ಅವನ ಕಣ್ಣು. ಕೆಲಸ ಮುಗಿದ ಮೇಲೂ ಬಾಗಿಲ ಪಕ್ಕದ ಕುರ್ಚಿಯಲ್ಲಿ ಒಂದು ಗಂಟೆ ಕೂರುತ್ತಾನೆ. ನಾನು ಫೈಲು ಹೊತ್ತು ಈ ಮೇಜಿನಿಂದ ಆ ಮೇಜಿಗೆ ಹೋದರೆ ಅವನ ಕತ್ತು ನನ್ನ ಹಿಂದೆಯೇ ತಿರುಗುತ್ತದೆ. ಐವತ್ತೊಂಬತ್ತು ವರ್ಷದ ಅಟೆಂಡರಿನಲ್ಲಿ ನೋಡುವುದಕ್ಕೆ ಏನಿದೆಯೇ? ಯಾವುದೋ ಕಳ್ಳರ ಗುಂಪಿಗೆ ಸುಳಿವು ಕೊಡುವವನು, ಯಾರು ಯಾವ ಬಾಗಿಲು ದಾಟುತ್ತಾರೆ ಎಂದು ನೋಡಿಕೊಳ್ಳುತ್ತಿದ್ದಾನೆ ಎಂದೇ ತಿಳಿದೆ. ಕಾವಲಿನ ಮೀಸೆಗೆ ಹೇಳಿದರೆ ಅವನು ನಕ್ಕ. "ಅಕ್ಕ, ಆ ಮೂಳೆಗೂಡು ದರೋಡೆ ಮಾಡಿದ್ರೂ, ಓಡಿಹೋಗೋಕೆ ನಾವೇ ಕೈ ಹಿಡ್ಕೊಂಡು ಮೆಟ್ಟಿಲು ಇಳಿಸಬೇಕು" ಎಂದ. ಬಂದೂಕು ಹೊತ್ತವನ ಬುದ್ಧಿ ಇಷ್ಟು.

ಹೋದ ತಿಂಗಳು ಕೊಕ್ಕರೆಗೆ ನೀರು ಕೊಡಲು ಹೋದೆ. ಲೋಟ ತೆಗೆದುಕೊಳ್ಳುತ್ತಾ ಮೆತ್ತಗೆ, "ಹಿಮ್ಮಡಿ ಗಾಯ ಹೇಗಿದೆ? ಸಕ್ಕರೆ ಕಾಯಿಲೆ ಇರೋರು ಅಸಡ್ಡೆ ಮಾಡಬಾರದು" ಎಂದ. ಸೀರೆ ಪಾದದ ತನಕ ಇರುತ್ತದೆ, ಮುಚ್ಚಿದ ಚಪ್ಪಲಿ ಹಾಕುತ್ತೇನೆ, ನಾನು ಕುಂಟಿದ್ದನ್ನು ಯಾರೂ ಕಂಡಿಲ್ಲ. "ನಿಮಗೆ ಯಾರು ಹೇಳಿದ್ರು?" ಎಂದರೆ, "ಮೊದಲು ಆ ಗಡಿಯಾರ ಸರಿ ಮಾಡಿಸಿ" ಎಂದು ಎದ್ದು ಹೋದ. ಅವತ್ತಿನಿಂದ ಮನೆಯ ಬಾಗಿಲಿಗೆ ಎರಡು ಚಿಲಕ ಹಾಕಿ ಮಲಗುತ್ತಿದ್ದೇನೆ.

ಇನ್ನು ಫಾರಂ ಸಂಗತಿ. ಅವನ ಹೆಸರಲ್ಲಿ ಒಂದು ದೊಡ್ಡ ಠೇವಣಿ ಇದೆ. ಅದರ ನಾಮಿನಿ, ಅಂದರೆ ಅವನು ಸತ್ತ ಮೇಲೆ ಬ್ಯಾಂಕು ಕರೆದು ದುಡ್ಡು ಒಪ್ಪಿಸಬೇಕಾದವರು, ಇಲ್ಲಿಯ ತನಕ ಅವನ ತಮ್ಮನ ಮಗ. ಅದನ್ನು ಬದಲಾಯಿಸಬೇಕೆಂದು ಅವನ ಹಠ. ಫಾರಂನಲ್ಲಿ "ಸಂಬಂಧ" ಎಂದೊಂದು ಕಾಲಂ ಇರುತ್ತದೆ. ಮೊದಲ ವಾರ ಅಲ್ಲಿ ಒಂದು ಗೆರೆ ಎಳೆದು ತಂದ. ಮೇಡಂ ವಾಪಸ್ ಕೊಟ್ಟರು. ಮುಂದಿನ ವಾರ "ಇಲ್ಲ" ಎಂದು ಬರೆದು ತಂದ. ಮತ್ತೆ ವಾಪಸ್. "ಏನಾದ್ರೂ ಒಂದು ಬರೀರಿ ಸಾರ್, ಸ್ನೇಹಿತರು ಅಂತಾದ್ರೂ ಹಾಕಿ, ನನಗೂ ಸಾಕಾಗಿದೆ" ಎಂದರು ಮೇಡಂ. "ಯಾವ ಸ್ನೇಹ? ದಿನಾ ಬೆಳಗ್ಗೆ ನನ್ನ ಜೊತೆ ಜಗಳ ಆಡ್ತಾಳೆ. ಸುಳ್ಳು ಬರೆಯೋಕೆ ನಾನು ಬಸ್ ಹತ್ತಿ ಬರಬೇಕಾ?" ಎಂದ ಅವನು. ನಿನ್ನೆ ಬರೆದು ತಂದದ್ದು "ಇನ್ನೊಬ್ಬರ ಮಗಳು" ಎಂದು. ಮೇಡಂ ಹಣೆ ಹಿಡಿದುಕೊಂಡರು. ಸಾಲದ್ದಕ್ಕೆ ಅವನ ಸಹಿಯೂ ತಾಳೆಯಾಗಲಿಲ್ಲ, ಕೈ ನಡುಗಿ ಮೂರು ಸಲ ಮೂರು ಥರ ಬಂತು. ಕೊನೆಗೆ ಮ್ಯಾನೇಜರ್ ಹೊರಗೆ ಬಂದು, ಸಂಬಂಧ ಏನು ಬೇಕಾದರೂ ಇರಲಿ, ಹೆಬ್ಬೆಟ್ಟು ಒತ್ತಿಸಿ, ಇಬ್ಬರ ಸಾಕ್ಷಿ ಹಾಕಿಸಿ, ಮುಗಿಸಿ ಎಂದರು. ಒಂದನೇ ಸಾಕ್ಷಿ ಮೀಸೆ. ಎರಡನೆಯದಕ್ಕೆ ಕೊಕ್ಕರೆ ನನ್ನ ಕಡೆ ಕೈ ತೋರಿಸಿದ. "ಅವರೇ ಆಗಬೇಕು. ಅವರು ಓದದೆ ಸಹಿ ಹಾಕೋರಲ್ಲ" ಎಂದ.

ಓದಿದೆ. ನಾನು ಓದುವ ರೀತಿ ನಿನಗೆ ಗೊತ್ತು, ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ಕೂಡಿಸಿ. ನಾಮಿನಿ ಹೆಸರಿನ ಮೊದಲ ಅಕ್ಷರ ಕೂಡಿಸಿದೆ, ಎರಡನೆಯದು ಕೂಡಿಸಿದೆ. ನಿನ್ನ ಹೆಸರು. ಮುಂದೆ ನಿನ್ನ ಅಪ್ಪನ ಹೆಸರು. ಆಮೇಲೆ ನೀನು ಹುಟ್ಟಿದ ತಾರೀಖು. ಅದನ್ನು ನಾನು ಮರೆಯುವುದುಂಟೇ, ಹತ್ತೊಂಬತ್ತು ಗಂಟೆ ನೋವು ತಿಂದಿದ್ದೇನೆ. ಬ್ಯಾಂಕಿನಲ್ಲಿ ನಾನು ಎಲ್ಲರಿಗೂ ಅಕ್ಕ, ನನ್ನ ಮಗಳ ಹೆಸರು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾನೂ ಬಾಯಿ ಬಿಡಲಿಲ್ಲ. "ಕನ್ನಡಕ ಮನೇಲಿ ಮರೆತು ಬಂದಿದ್ದೀನಿ, ಮುಂದಿನ ವಾರ ಹಾಕ್ತೀನಿ" ಎಂದೆ. ಕನ್ನಡಕ ಮೂಗಿನ ಮೇಲೇ ಇತ್ತು. ಮೇಡಂ ಒಮ್ಮೆ ನನ್ನ ಮುಖ ನೋಡಿದರು, ಪುಣ್ಯಕ್ಕೆ ಸುಮ್ಮನಾದರು.

ಬಸ್ ಹತ್ತುವ ಮೊದಲು ಅವನನ್ನು ಹಿಡಿದೆ. "ನನ್ನ ಮಗಳು ನಿಮಗೆ ಏನಾಗಬೇಕು?" ಎಂದೆ. "ಫಾರಂನಲ್ಲಿ ಬರೆದಿದ್ದೀನಲ್ಲಮ್ಮ" ಎಂದ. "ನಾಟಕ ಬೇಡ. ಅವಳು ನಿಮಗೆ ಎಲ್ಲಿ ಸಿಕ್ಕಿದಳು, ಏನು ಹೇಳಿ ತಲೆ ಕೆಡಿಸಿದ್ದೀರಿ?" ಎಂದು ರೇಗಿದೆ, ಬಸ್ ಸ್ಟಾಂಡಿನ ಜನವೆಲ್ಲ ತಿರುಗಿ ನೋಡಿದರು. "ನಿಮಗೆ ಹೇಳಬಾರದು ಅಂತ ಅವಳು ನನ್ನ ಕೈಲಿ ಮಾತು ತಗೊಂಡಿದ್ದಾಳೆ. ನೀವು ಓದಬಾರದು ಅಂತ ತಗೊಂಡಿಲ್ಲ" ಎಂದು ಹೇಳಿ ಬಸ್ ಹತ್ತಿದ.

ರಾತ್ರಿಯೆಲ್ಲ ಯೋಚಿಸಿದೆ. ಒಂದೋ ಆ ಮುದುಕ ನಿನ್ನನ್ನು ಯಾವುದೋ ಬಲೆಗೆ ಹಾಕುತ್ತಿದ್ದಾನೆ, ಇಲ್ಲವೇ ನೀನು ಅವನನ್ನು ಹಾಕಿದ್ದೀಯ. ಎರಡನೆಯದನ್ನು ಬರೆಯುವಾಗ ಪೆನ್ನು ನಿಂತಿತು, ಆದರೂ ಬರೆದೆ. ಎಂಟು ವರ್ಷದ ಹಿಂದೆ ಒಬ್ಬ ಅಜ್ಜಿ ತನ್ನ ಅಡುಗೆಯವಳನ್ನು ನಾಮಿನಿ ಮಾಡಿದ್ದಳು. ಅಜ್ಜಿ ಸತ್ತ ಮೂರನೇ ದಿನ ಅವಳ ಅಣ್ಣನ ಮಕ್ಕಳು ಬಂದು ಇದೇ ಕೌಂಟರಿನ ಮುಂದೆ ಆ ಹೆಂಗಸಿನ ಜುಟ್ಟು ಹಿಡಿದರು. ಕಳ್ಳಿ ಎಂದರು. ಪೊಲೀಸರು ಕರೆದುಕೊಂಡು ಹೋದರು. ಅವಳದೇನೂ ತಪ್ಪಿಲ್ಲ ಎಂದು ಆಮೇಲೆ ತೀರ್ಮಾನವಾಯಿತು, ಆದರೆ ಈ ಊರಿನಲ್ಲಿ ಮತ್ತೊಂದು ಮನೆ ಅವಳನ್ನು ಕೆಲಸಕ್ಕೆ ಇಟ್ಟುಕೊಳ್ಳಲಿಲ್ಲ. ಅವತ್ತು ನೆಲದ ಮೇಲೆ ಬಿದ್ದಿದ್ದ ಅವಳ ಒಂದು ಚಪ್ಪಲಿಯನ್ನು ಎತ್ತಿಟ್ಟವಳು ನಾನು. ಅವನ ತಮ್ಮನ ಮಗ ನಾಳೆ ಬಂದು ಫಾರಂ ತೆಗೆಸಿದರೆ ನಿನ್ನ ಹೆಸರಿನ ಕೆಳಗೆ ಸಾಕ್ಷಿ ಎಂದು ಯಾರ ಸಹಿ ಕಾಣುತ್ತದೆ? ಹೆತ್ತ ತಾಯಿಯದು. ತಾಯಿ-ಮಗಳು ಸೇರಿ ಮುದುಕನನ್ನು ಬೋಳಿಸಿದರು ಎನ್ನಲು ಇನ್ನೇನು ಬೇಕು? ನನ್ನ ನಿವೃತ್ತಿಗೆ ಒಂಬತ್ತು ತಿಂಗಳಿದೆ. ಕೆಲಸ ಹೋದರೆ ಹೋಗಲಿ, ನಿನ್ನನ್ನು ಯಾರಾದರೂ ಕಳ್ಳಿ ಎಂದರೆ ನಾನು ಬದುಕಿರುವುದು ಕಷ್ಟ. ಸಹಿ ಹಾಕುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ, ಆಗ ಎಲ್ಲ ಹೇಳಬೇಕಾಗುತ್ತದೆ. ಹೇಳುವುದಕ್ಕೆ ನನಗೆ ಗೊತ್ತಿರುವುದಾದರೂ ಏನು?

ನೀನು ಏನೇ ಮಾಡಿದ್ದರೂ ಮೊದಲು ನನಗೆ ಹೇಳು. ಬೈಯುತ್ತೇನೆ, ಅದು ಗ್ಯಾರಂಟಿ. ಬೈದ ಮೇಲೆ ಊಟಕ್ಕೆ ಹಾಕುತ್ತೇನೆ, ಅದೂ ಗ್ಯಾರಂಟಿ. ದೇವರು ನಿನಗೆ ಆಯಸ್ಸು ಕೊಡಲಿ, ಜೊತೆಗೆ ಒಂದಿಷ್ಟು ಬುದ್ಧಿಯನ್ನೂ ಕೊಡಲಿ.

ಇಂತಿ,
ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಫಾರಂನಲ್ಲಿ ನಿನ್ನ ಹೆಸರಿನ ಪಕ್ಕ ಇದ್ದ ವಿಳಾಸ ಆಸ್ಪತ್ರೆ ಹಾಸ್ಟೆಲಿನದಲ್ಲ, ಆ ಮುದುಕನ ಮನೆಯದು. ಇವತ್ತು ಬೆಳಗ್ಗೆ ಹಾಸ್ಟೆಲಿಗೆ ಫೋನ್ ಮಾಡಿದೆ. ನೀನು ಆಸ್ಪತ್ರೆ ಬಿಟ್ಟು ಏಳು ತಿಂಗಳಾಯಿತಂತೆ, ಹಾಸಿಗೆ ಹಿಡಿದ ಯಾರದೋ ಹೆಂಡತಿಯನ್ನು ನೋಡಿಕೊಳ್ಳಲು ಅವರ ಮನೆಗೇ ಹೋದೆಯಂತೆ, ವಾರ್ಡನ್ ಹೇಳಿದಳು. "ಕಂಡವರ ಮನೆಯ ಹಾಸಿಗೆ ಒಗೆಯೋಕಾ ನಿನ್ನ ಓದಿಸಿದ್ದು" ಎಂದು ನಾನು ಒಂದು ಸಲ ಅಂದಿದ್ದೆ. ಅಂದದ್ದು ಹೌದು. ಮುಚ್ಚಿಟ್ಟದ್ದು ಅದೊಂದಕ್ಕೇನಾ, ಇನ್ನೂ ಏನಾದರೂ ಇದೆಯಾ? ಈ ಪತ್ರವನ್ನು ಆ ಮನೆಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಓದುತ್ತಿದ್ದೀಯ ಎಂದರೆ ನೀನು ಅಲ್ಲಿದ್ದೀಯ ಎಂದಾಯಿತು, ಇನ್ನು ಡ್ಯೂಟಿ ಗೀಟಿ ಎಂದು ಹೇಳಬೇಡ. ಅವನು ಮಂಗಳವಾರ ಹೆಬ್ಬೆಟ್ಟು ಒತ್ತಲು ಬರುತ್ತಾನೆ. ಸೋಮವಾರ, ಹದಿನೆಂಟನೇ ತಾರೀಖಿನೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.