ಹೊಳೆಬಾಯಿಯ ಕಡ್ಡಿಗಳು

ಹೋಲ್, ಹಾಲಿಂಗ್‌ದಾಲ್
ಮಾರ್ಚ್ ೧೧, ಬುಧವಾರ

ಪ್ರೀತಿಯ ಎಂಬ್ರಿಕ್,

ಹೇಗಿದ್ದೀಯ? ಮೊಣಕಾಲು ನೋವು ಹೇಗಿದೆ? ಆ ಕಡಲ ಗಾಳಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿರಬೇಕು. ಲಿವ್ ಅಕ್ಕ ಎರಡು ಹೊತ್ತು ಮೀನು ಬೇಯಿಸಿ ಹಾಕುತ್ತಾಳೆ, ಗೊತ್ತು, ಆದರೆ ಉಣ್ಣೆಯ ಒಳಂಗಿ ಹಾಕಿಕೋ ಎಂದು ಹೇಳುವವಳಲ್ಲ. ಫೋನ್ ಮಾಡಿದರೆ ನೀನು ಹವಾಮಾನ ಬಿಟ್ಟು ಬೇರೇನೂ ಮಾತಾಡುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನಿನ್ನ ಕಾರ್ಡು ಶುಕ್ರವಾರ ಬಂತು. ಬಲೆಗೆ ಮೀನು ಚೆನ್ನಾಗಿ ಬೀಳುತ್ತಿದೆ, ಸಂತೋಷ. ಈಸ್ಟರ್‌ಗೂ ಬರುವುದಿಲ್ಲ, ಟುಸ್ಸ ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಮೂಲೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಮೂರು ಸಲ ಓದಿದೆ. ಕೊಡುವುದಿಲ್ಲ. ಬೈದುಕೊಳ್ಳುವುದಾದರೆ ಬೈದುಕೋ.

ಕೊಡದೆ ಇರುವುದಷ್ಟೇ ಅಲ್ಲ, ಜನವರಿಯಿಂದ ಅವಳ ಹಿಂದೆ ಸ್ಕೀ ಕಟ್ಟಿಕೊಂಡು ಹೋಗುತ್ತಿದ್ದೇನೆ. ನಗಬೇಡ. ವರ್ಷವಿಡೀ ಒಲೆಯ ಮುಂದೆ ಬಿದ್ದುಕೊಂಡು ಅವಳಿಗೆ ಮೈ ಬಂದಿತ್ತು, ಓಡಿಸದಿದ್ದರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಗದರಿಸಿದರು. ನಾಯಿಯ ಹಗ್ಗ ಸಿಕ್ಕಿಸಿಕೊಳ್ಳುವ ತೂರುನ್‌ಳ ಸೊಂಟಪಟ್ಟಿಯನ್ನೇ ಕಟ್ಟಿಕೊಂಡೆ. ಮಗಳ ಸೊಂಟದ ಅಳತೆ ನನಗೆಲ್ಲಿ ಬರಬೇಕು, ಪಟ್ಟಿಯನ್ನು ಕೊನೆಯವರೆಗೂ ಸಡಿಲಿಸಬೇಕಾಯಿತು. ಎದೆಪಟ್ಟಿ ಹಾಕಿದ್ದೇ ತಡ ಟುಸ್ಸ ಕುಣಿದಾಡಿಬಿಟ್ಟಳು, ರಬ್ಬರ್ ಹಗ್ಗ ಬಿಗಿಯಾಯಿತು, ನಾನು ಕೊಟ್ಟಿಗೆಯ ಮುಂದೆಯೇ ಮುಖ ಅಡಿಯಾಗಿ ಬಿದ್ದೆ. "ಅಮ್ಮಾ, ನೀನು ನಾಯೀನ ಓಡಿಸ್ತಿದ್ದೀಯೋ, ನಾಯಿ ನಿನ್ನ ಮೂಟೆ ಹೊರ್ತಿದೆಯೋ?" ಅಂತ ತೂರುನ್ ಆಡಿಕೊಳ್ಳುತ್ತಿದ್ದಳಲ್ಲ, ಅದೇ ದನಿ ಕಿವಿಯಲ್ಲಿ. ಹಿಮದಲ್ಲಿ ಕೂತು ನಕ್ಕೆ, ಆಮೇಲೆ ಅತ್ತೆ. ಈಗ ಬೀಳುವುದು ಕಡಿಮೆಯಾಗಿದೆ.

ಆದರೆ ಎಂಬ್ರಿಕ್, ಕೆರೆಯ ಕವಲು ದಾರಿಯಲ್ಲಿ ದಿನಾ ಒಂದು ಸಂಗತಿ ನಡೆಯುತ್ತದೆ. ನೀನು ನಂಬುತ್ತೀಯೋ ಇಲ್ಲವೋ, ನಡೆಯುವುದಂತೂ ನಿಜ. ನಾನು ಹೇಳದೆಯೇ ಟುಸ್ಸ ಅಲ್ಲಿ ನಿಲ್ಲುತ್ತಾಳೆ. ಕಿವಿ ನಿಮಿರುತ್ತದೆ. ಕೆರೆಯ ಕಡೆ ನೋಡುವುದಿಲ್ಲ, ಹಿಂದಕ್ಕೆ ತಿರುಗಿ ನನ್ನನ್ನು ದಾಟಿ ನೋಡುತ್ತಾಳೆ, ಬಾಲ ಅಲ್ಲಾಡಿಸುತ್ತಾಳೆ. ಮನೆಯವರು ಬಂದಾಗ ಮಾತ್ರ ಹಾಗೆ ಅಲ್ಲಾಡಿಸುವುದು ನಿನಗೆ ಗೊತ್ತು. ತಿರುಗಿ ನೋಡಿದರೆ ನನ್ನ ಸ್ಕೀಯ ಎರಡು ಗೆರೆ, ಬೇರೆ ಏನೂ ಇಲ್ಲ. ಮಟಮಟ ಮಧ್ಯಾಹ್ನದ ಬಿಸಿಲು. ಆದರೂ ಮುಂದೆ ಹೊರಟಾಗ ನನ್ನ ಸ್ಕೀಯ ಸದ್ದಿನ ಜೊತೆಗೆ ಇನ್ನೊಂದು ಜೋಡಿ ಸ್ಕೀಯ ಸದ್ದು ಬರುತ್ತದೆ, ನಾನು ನಿಂತ ಮೇಲೆ ಒಂದು ಗಳಿಗೆ ತಡವಾಗಿ ಅದೂ ನಿಲ್ಲುತ್ತದೆ. ಮೊದಲು ಹೆದರುತ್ತಿದ್ದೆ. ಈಗ ಅದು ಕೇಳಿಸದ ದಿನ ಹೆಚ್ಚು ಹೆದರುತ್ತೇನೆ.

ಸೋಮವಾರ ದಾರಿ ಸಮಿತಿಯ ಓಡ್‌ವಾರ್ ಬಂದಿದ್ದ. ಅಚ್ಚಿನಲ್ಲಿ ವಾಫಲ್ ಮಾಡಿ ಕಂದು ಚೀಸ್ ಇಟ್ಟುಕೊಟ್ಟೆ, ನಾಲ್ಕು ತಿಂದ. ಈ ವರ್ಷ ಹೆಪ್ಪುಗಟ್ಟಿದ ಕೆರೆಯ ಮೇಲೆ ದಾರಿ ತೋರುವ ಕಡ್ಡಿ ನೆಟ್ಟವನು ಅವನೇ. ಮೂವತ್ತು ವರ್ಷ ನೀನು ಮಂಜುಗಡ್ಡೆ ಕೊರೆದು, ದಪ್ಪ ಅಳೆದು ಬರ್ಚ್ ಕಡ್ಡಿ ನೆಟ್ಟ ದಾರಿ ಅದು. ಅವನ ಸಾಲು ಸೊಟ್ಟಗಿದೆ, ನಿನ್ನ ಹಾಗೆ ನೇರ ಬಂದಿಲ್ಲ. "ಎಂಬ್ರಿಕ್ ಬಂದ್ರೆ ಚೆನ್ನಾಗಿತ್ತು ಗುನ್ವೋರ್, ಹೊಳೆಬಾಯಿ ಕಡೆ ಯಾವಾಗ ಕೀಳ್ಬೇಕು ಅಂತ ನಂಗೆ ಅಂದಾಜು ಸಿಗ್ತಿಲ್ಲ" ಅಂದ. ನೀರು ಕೆರೆ ಬಿಟ್ಟು ಹೊಳೆಗೆ ಇಳಿಯುವ ಆ ಜಾಗದಲ್ಲಿ ಮಂಜುಗಡ್ಡೆ ಎಲ್ಲಕ್ಕಿಂತ ಮೊದಲು ಅಡಿಯಿಂದ ಕರಗುತ್ತದೆ, ಮೇಲೆ ನೋಡಿದರೆ ಅದೇ ಬಿಳುಪು. ಕಡ್ಡಿ ನಿಂತಿರುವವರೆಗೆ ನಮ್ಮವರು ಯಾರೂ ಮಂಜುಗಡ್ಡೆಯನ್ನು ಅನುಮಾನಿಸುವುದಿಲ್ಲ, ತಮ್ಮ ಕಣ್ಣಿಗಿಂತ ಕಡ್ಡಿಯನ್ನೇ ನಂಬುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ತೂರುನ್ ಕೂಡ ನಂಬಿದಳು.

ಓಡ್‌ವಾರ್ ಕೆಟ್ಟವನಲ್ಲ. ಅಂಗಡಿಯಲ್ಲಿ ಆ ಮಾತು ಹೊರಟಾಗ ಅವನಿರಲಿಲ್ಲ. "ಜ್ವರ ಇದ್ರೇನು, ಕೀಳೋದು ಎಂಬ್ರಿಕ್ ಕೆಲ್ಸ ತಾನೆ? ಯಾರಿಗಾದ್ರೂ ಒಂದು ಮಾತು ಹೇಳ್ಬೋದಿತ್ತು" ಅಂತ ಹಿಂದಿನಿಂದ ಯಾರೋ ಅಂದರು. ನೀನು ಹಾಲಿನ ಪೆಟ್ಟಿಗೆಯನ್ನು ಅಲ್ಲೇ ಇಟ್ಟು ಹೊರಗೆ ನಡೆದೆ, ಮೂರೇ ದಿನದಲ್ಲಿ ಉತ್ತರದ ಕಡಲೂರಿಗೆ ಹೊರಟುಹೋದೆ. ನಾನು ಅಲ್ಲೇ ಇದ್ದೆ. ಕ್ಯಾರೆಟ್ ಆರಿಸುತ್ತಾ ನಿಂತಿದ್ದೆ, ಒಂದು ಮಾತೂ ಆಡಲಿಲ್ಲ. ಆ ಕ್ಯಾರೆಟ್ ಮನೆಗೆ ತಂದು ಸಾರೂ ಮಾಡಿದೆ.

ತೂರುನ್ ನೀರಿನಲ್ಲಿದ್ದುಕೊಂಡೇ ಸೊಂಟಪಟ್ಟಿಯ ಕೊಂಡಿ ಎಳೆದು ಟುಸ್ಸಳನ್ನು ಬಿಟ್ಟಳು. ನಾಯಿ ಮನೆಗೆ ಬಂದು ಬಾಗಿಲ ಮುಂದೆ ನಿಂತಾಗ ಹಿಂದಿನ ಹಗ್ಗ ಹೆಪ್ಪುಗಟ್ಟಿ ಕೋಲಿನಂತೆ ಸೆಟೆದಿತ್ತು. ಬಾಗಿಲು ತೆರೆದವಳು ನಾನು. ಅಂದಿನಿಂದ ಆ ನಾಯಿ ನನ್ನನ್ನು ನೋಡುವ ರೀತಿ ಬೇರೆ. ಅವಳನ್ನು ಹೇಗೆ ಕೊಟ್ಟುಬಿಡಲಿ, ಹೇಳು?

ಲಿವ್ ಅಕ್ಕನಿಗೆ ನನ್ನ ನೆನಪು ಹೇಳು. ಕಂದು ಚೀಸ್ ಮತ್ತು ನಿನ್ನ ಬೂದು ಕಾಲುಚೀಲ ಬೇರೆ ಕಟ್ಟಿ ಕಳಿಸಿದ್ದೇನೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ
ಗುನ್ವೋರ್

ಮತ್ತೆ: ಅಂಚೆಯವನ ಗಾಡಿ ಕೆಳಗೆ ಬಂದಿದೆ, ಈಗ ಬರೆಯದಿದ್ದರೆ ಎಂದೂ ಬರೆಯಲಾರೆ. ನೀನು ಮರೆತಿರಲಿಲ್ಲ, ಎಂಬ್ರಿಕ್. ಕಳೆದ ಏಪ್ರಿಲ್‌ನ ಆ ಬುಧವಾರ ಬೆಳಿಗ್ಗೆ ನೀನು ಜ್ವರದಲ್ಲಿ ನನ್ನ ತೋಳು ಹಿಡಿದು "ಹೊಳೆಬಾಯಿ ಕಡ್ಡಿ ಕಿತ್ ಬಾ, ಇವತ್ತೇ" ಅಂದೆ. "ಆಯ್ತು, ಮಲ್ಕೋ" ಅಂದೆ ನಾನು. ಹಬ್ಬದ ಬ್ರೆಡ್ಡು ಒಲೆಯಲ್ಲಿತ್ತು, ಶುಕ್ರವಾರ ಹೋದರಾಯಿತು ಅಂದುಕೊಂಡೆ. ಗುರುವಾರ ತೂರುನ್ ಸ್ಕೀ ಕಟ್ಟಿಕೊಳ್ಳುತ್ತಾ "ಅಮ್ಮಾ, ಕೆರೆ ಮೇಲೆ ಹೋಗ್ಬೋದಾ?" ಅಂತ ಕೇಳಿದಳು. ನಾನು ತಲೆಯೆತ್ತದೆ, "ಕಡ್ಡಿ ಇರೋ ಕಡೆ ಹೋಗು" ಅಂದೆ. ನಿನಗೆ ಜ್ವರದ ಒಂದು ಮಾತೂ ನೆನಪಿಲ್ಲ ಅಂತ ಗೊತ್ತಾದ ಮೇಲೆ ಬಾಯಿ ಮುಚ್ಚಿಕೊಂಡೆ. ಒಂದು ವರ್ಷ ನನ್ನ ತಪ್ಪನ್ನು ನಿನ್ನ ಮೇಲೆ ಹೊರಿಸಿದೆ. ಸೋಮವಾರ ಓಡ್‌ವಾರ್‌ನಿಗೆ ಎಲ್ಲ ಹೇಳಿದೆ, ಇಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿರುತ್ತದೆ. ನೀನು ಮನೆಗೆ ಬಾ. ನೀನು ಬರುವಾಗ ನಾನು ಇಲ್ಲಿರಬೇಕೋ ಬೇಡವೋ, ಅದೊಂದನ್ನು ಬರೆದು ತಿಳಿಸು.